ಹತ್ತನೇ ಪಂದ್ಯದ ರೆಫರಿ

"ಮೇಡಂ, ಹಗ್ಗದ ಆಚೆ ನಿಂತ್ಕೊಳ್ಳಿ."

ನೆರಿಸ್‌ಗೆ ಆ ರೆಫರಿ ಆಡಿದ ಮೊದಲ ಮಾತು ಇದು. ಅದರಲ್ಲಿ ಜೇನೂ ಇರಲಿಲ್ಲ, ಸಕ್ಕರೆಯೂ ಇರಲಿಲ್ಲ. ಸೆಪ್ಟೆಂಬರಿನ ಶನಿವಾರ, ಬೆಟ್ಟದಿಂದ ಇಳಿದ ಗಾಳಿ ಮೈದಾನದ ಬಾವುಟಗಳನ್ನು ಹರಿದು ತಿನ್ನುವಂತಿತ್ತು. ಅವಳು ಕೋಚ್ ಆಗಿದ್ದ ಹುಡುಗಿಯರ ರಗ್ಬಿ ತಂಡದ ಮೊದಲ ಪಂದ್ಯ. ಮೈದಾನದ ಅಂಚಿನಲ್ಲಿ ಓಡುತ್ತಿದ್ದ ಪುಟ್ಟ ಹುಡುಗಿ ಮುಗ್ಗರಿಸಿದ್ದೇ ತಡ, ನೆರಿಸ್ ನೀರಿನ ಬಾಟಲಿ ಹಿಡಿದು ಹಗ್ಗ ಹಾರಿ ಒಳಗೆ ನುಗ್ಗಿದ್ದಳು.

"ನನ್ನ ಹುಡುಗಿ ಬಿದ್ದಿದ್ದಾಳೆ!"

"ಬಿದ್ದಿದ್ದು ಅವಳಲ್ಲ, ಅವಳ ಬೂಟು. ಅವಳು ಅಗೋ, ಓಡ್ತಿದ್ದಾಳೆ."

ನಿಜ. ಹುಡುಗಿ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬರಿ ಕಾಲುಚೀಲದಲ್ಲಿ ಚೆಂಡಿನ ಹಿಂದೆ ಹಾರಿಕೊಂಡು ಹೋಗುತ್ತಿದ್ದಳು. ಬೂಟು ಕೆಸರಿನಲ್ಲಿ ಬಾಯಿ ತೆರೆದು ಕೂತಿತ್ತು. ನೋಡುತ್ತಿದ್ದವರೆಲ್ಲ ನಕ್ಕರು. ನೆರಿಸ್ ಮುಖ ಕೆಂಪಾಗಿಸಿಕೊಂಡು ಹಗ್ಗದ ಆಚೆ ಹೋದಳು. ಹೋಗಿ ತಿರುಗಿ ನೋಡಿದರೆ, ಆಟ ನಿಂತ ಕ್ಷಣದಲ್ಲಿ ಆ ರೆಫರಿ ಕೆಸರಿನಲ್ಲೇ ಮಂಡಿಯೂರಿ ಹುಡುಗಿಗೆ ಬೂಟು ತೊಡಿಸುತ್ತಿದ್ದ. "ಇದು ನಿನ್ನ ಕಾಲಿಗಿಂತ ದೊಡ್ಡದು. ಲೇಸನ್ನ ಕೆಳಗಿಂದ ಸುತ್ತಿ ಎರಡು ಗಂಟು ಹಾಕ್ಬೇಕು, ನೋಡು ಹೀಗೆ" ಎಂದು ಅವನು ಹೇಳುತ್ತಿದ್ದುದು ಗಾಳಿಯಲ್ಲಿ ತೇಲಿ ಬಂತು.

ಬೂಟು ದೊಡ್ಡದಾಗಿದ್ದರಲ್ಲಿ ಆಶ್ಚರ್ಯವಿಲ್ಲ. ಅವಳ ಹುಡುಗಿಯರ ಬೂಟುಗಳೆಲ್ಲ ದಾನ ಬಂದ ಹಳೆ ಬೂಟುಗಳ ಒಂದೇ ಟ್ರಂಕಿನಿಂದ ಬಂದವು. ನಾಂಟ್‌ವೆನ್ ರಗ್ಬಿ ಕ್ಲಬ್ಬಿಗೆ ನೂರು ವರ್ಷ ಮೀರಿದ ವಯಸ್ಸು. ಅದು ನಡೆಸುವ ಸೇವಾ ಟ್ರಸ್ಟಿಗೆ ಆರೇ ವರ್ಷ. ಆ ಟ್ರಸ್ಟಿನ ಕೈ, ಕಾಲು, ಗಂಟಲು ಎಲ್ಲವೂ ನೆರಿಸ್ ಪ್ಯೂ. ಮೂವತ್ತೆರಡು ವರ್ಷದ ಗಟ್ಟಿ ಹೆಂಗಸು. ಗುಡ್ಡದ ಮೇಲಿನ ಕಾಲೊನಿಯಲ್ಲಿ ಮನೆಮನೆಯ ಬಾಗಿಲು ತಟ್ಟುತ್ತಿದ್ದಳು. "ಮಂಗಳವಾರ ಸಂಜೆ ಏನು ಮಾಡ್ತೀಯಾ?" "ಏನೂ ಇಲ್ಲ." "ಹಾಗಾದ್ರೆ ಬಾ." ಅಷ್ಟೇ ಅವಳ ಅರ್ಜಿ ನಮೂನೆ. ಆಟ ಬರಬೇಕೆಂದಿಲ್ಲ, ಬಟ್ಟೆ ಇರಬೇಕೆಂದಿಲ್ಲ. ಬಂದವರಿಗೆ ಮೊದಲು ಬ್ರೆಡ್ಡು, ಬಿಸಿ ಬೀನ್ಸು, ಆಮೇಲೆ ಚೆಂಡು. ಹಸಿದ ಮಗು ಚೆಂಡನ್ನು ಹಿಡಿಯುವುದಿಲ್ಲ, ಪಕ್ಕದವಳನ್ನು ಕಚ್ಚುತ್ತದೆ ಎಂಬುದು ಅವಳು ಅನುಭವದಿಂದ ಕಲಿತ ಪಾಠ.

ಮೂರು ವರ್ಷದ ಹಿಂದೆ ಹಾಗೆ ಬಂದವಳೇ ಮಾಬ್ಲಿ. ಈಗ ಹದಿನೈದು ವರ್ಷ. ಎರಡು ಶಾಲೆಗಳು ಅವಳನ್ನು ಮನೆಗೆ ಕಳಿಸಿದ್ದವು. ಒಂದರಲ್ಲಿ ಮೇಷ್ಟರ ಕಡೆಗೆ ಕುರ್ಚಿ ಎಸೆದಿದ್ದಳು. ಮೂರು ವಾರ ಬೇಲಿಯ ಹೊರಗೆ ನಿಂತು ಆಡುವವರನ್ನು ಗೇಲಿ ಮಾಡಿದಳು. ನೆರಿಸ್ ಕರೆಯಲೂ ಇಲ್ಲ, ಗದರಿಸಲೂ ಇಲ್ಲ. ನಾಲ್ಕನೇ ವಾರ ಚೆಂಡನ್ನು ಬೇಲಿಯಾಚೆ ಎಸೆದಳು. ಮಾಬ್ಲಿ ಅದನ್ನು ವಾಪಸ್ ಎಸೆದ ರಭಸಕ್ಕೆ ನೆರಿಸ್ ಎರಡು ಹೆಜ್ಜೆ ಹಿಂದೆ ಸರಿದಳು. ಅಷ್ಟು ಸಾಕಾಯಿತು. ಈಗ ಮಾಬ್ಲಿ ತಂಡದ ಕ್ಯಾಪ್ಟನ್.

ಲೀಗಿನವರು ಈ ಹೊಸ ತಂಡವನ್ನು ಒಳಗೆ ಬಿಟ್ಟುಕೊಂಡದ್ದು ಒಂದು ಷರತ್ತಿನ ಮೇಲೆ. ವರ್ಷದ ಹತ್ತು ಪಂದ್ಯಗಳನ್ನೂ ಆಡಿ ಮುಗಿಸಬೇಕು. ಸೋತರೆ ಚಿಂತೆಯಿಲ್ಲ, ತಪ್ಪಿಸಿದರೆ ಮುಂದಿನ ವರ್ಷ ಜಾಗವಿಲ್ಲ. ಪಟ್ಟಿಯಲ್ಲಿ ಹೆಸರಿರುವ ರೆಫರಿ ಇಲ್ಲದೆ ಆಡಿದ ಆಟ ಪಂದ್ಯವೇ ಅಲ್ಲ. ಆ ಕಣಿವೆಯಲ್ಲಿ ರೆಫರಿಗಳೋ, ಬೇಸಿಗೆಯ ಬಿಸಿಲಿನಷ್ಟೇ ಅಪರೂಪ.

ಬೂಟು ಕಟ್ಟಿದ ರೆಫರಿಯ ಹೆಸರು ಎಮ್ಲಿನ್. ಊರಿನಲ್ಲಿ ಮೂವರು ಎಮ್ಲಿನ್‌ಗಳಿದ್ದರು, ಕಸುಬಿನಿಂದಲೇ ಅವರ ಗುರುತು: ರೊಟ್ಟಿ ಎಮ್ಲಿನ್, ಶವಪೆಟ್ಟಿಗೆ ಎಮ್ಲಿನ್, ಕನ್ನಡಕದ ಎಮ್ಲಿನ್. ಇವನು ಮೂರನೆಯವನು, ಮುಖ್ಯ ಬೀದಿಯಲ್ಲಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವವನು. ಹದಿನಾಲ್ಕು ವರ್ಷದಿಂದ ಶನಿವಾರಗಳಂದು ಜನ ಅವನಿಗೆ "ಹೋಗಿ ಕಣ್ಣು ತೋರಿಸ್ಕೊಳ್ಳಯ್ಯಾ!" ಎಂದು ಕೂಗುತ್ತಿದ್ದರು. ಸೋಮವಾರ ಅದೇ ಜನ ಅವನ ಅಂಗಡಿಗೆ ಹೋಗಿ ಕಣ್ಣು ತೋರಿಸಿಕೊಳ್ಳುತ್ತಿದ್ದರು.

ರಗ್ಬಿಯಲ್ಲಿ ಒಂದು ಕಟ್ಟುನಿಟ್ಟಿದೆ. ರೆಫರಿಯೊಡನೆ ಕ್ಯಾಪ್ಟನ್ ಒಬ್ಬಳೇ ಮಾತಾಡಬೇಕು, ಅದೂ "ಸರ್" ಎಂದು. ಕೋಚ್ ತುಟಿ ಹೊಲಿದುಕೊಂಡು ಹಗ್ಗದ ಹಿಂದೆ ನಿಂತಿರಬೇಕು. ನೆರಿಸ್‌ಗೆ ತುಟಿ ಹೊಲಿದುಕೊಳ್ಳುವುದು ಬರುತ್ತಿರಲಿಲ್ಲ. ಹಾಗಾಗಿ ಮಾಬ್ಲಿಯ ಕಾಲಿಗೆ ಕೆಲಸ ಹೆಚ್ಚಿತು.

"ಸರ್, ಅದು ಯಾಕೆ ಪೆನಾಲ್ಟಿ ಅಂತ ನಮ್ಮ ಕೋಚ್ ಕೇಳ್ತಿದ್ದಾರೆ."

"ಕೆಳಗೆ ಬಿದ್ದವಳು ಚೆಂಡು ಬಿಡಬೇಕು ಅಂತ ನಿಮ್ಮ ಕೋಚ್‌ಗೆ ಹೇಳು."

ಮಾಬ್ಲಿ ಓಡಿ ಬಂದಳು. "ಬಿಡಬೇಕಂತೆ."

"ಬಿಡೋಕೆ ಮೇಲೆ ಕೂತವಳು ಏಳಬೇಕಲ್ಲ ಅಂತ ಕೇಳು."

ಓಡಿ ಹೋದಳು, ಓಡಿ ಬಂದಳು. "ಅದೂ ನಿಜವಂತೆ. ಮುಂದಿನ ಸಲ ಗಮನಿಸ್ತಾರಂತೆ. ಆಮೇಲೆ..."

"ಆಮೇಲೆ?"

"ನಿಮ್ಮ ಟೋಪಿ ಚೆನ್ನಾಗಿದೆಯಂತೆ."

ನೆರಿಸ್ ತಲೆಯೆತ್ತಿದಳು. ಮೈದಾನದ ನಡುವೆ ಅವನು ಸೀಟಿಯನ್ನು ತುಟಿಗಿಟ್ಟುಕೊಂಡು ಆಕಾಶ ನೋಡುತ್ತಿದ್ದ. ಟೋಪಿಯ ಮಾತು ಅವನದೋ, ಈ ತುಂಟಿಯ ಸ್ವಂತ ಕವಿತ್ವವೋ ತಿಳಿಯಲಿಲ್ಲ. ಆದರೂ ಮುಂದಿನ ಶನಿವಾರ, ಅದರ ಮುಂದಿನ ಶನಿವಾರ, ಅವಳು ಅದೇ ಟೋಪಿ ಹಾಕಿಕೊಂಡು ಬಂದಳು.

*

ನವೆಂಬರಿನಲ್ಲಿ ಟ್ರಸ್ಟಿನ ಕಾಗದ ಓದುವಾಗ ಅವಳಿಗೆ ತಲೆನೋವು ಶುರುವಾಯಿತು. ಕನ್ನಡಕದಂಗಡಿ ಪಕ್ಕದೂರಿನಲ್ಲೂ ಇತ್ತು, ಅಲ್ಲಿಗೆ ಬಸ್ಸೂ ಇತ್ತು. ಅವಳು ಮುಖ್ಯ ಬೀದಿಗೇ ಹೋದಳು.

"ಗದ್ದ ಇಲ್ಲಿಡಿ. ಹಣೆ ಸ್ವಲ್ಪ ಮುಂದಕ್ಕೆ" ಎಂದ ಎಮ್ಲಿನ್.

"ಇಲ್ಲಿ ಕ್ಯಾಪ್ಟನ್ ಇಲ್ಲ. ನಾನೇ ಮಾತಾಡಬಹುದಾ, ಸರ್?"

"ಈ ಕೋಣೆಗೆ ಬೇರೆ ಕಾನೂನು, ಕೋಚ್. ಮಾತಾಡಬಹುದು, ಅಲ್ಲಾಡೋ ಹಾಗಿಲ್ಲ."

ಅವನು ದೀಪ ಆರಿಸಿದ. ಕೈಯಲ್ಲೊಂದು ಪುಟ್ಟ ಬೆಳಕು ಹಿಡಿದು ಹತ್ತಿರ ಬಂದ. ಎಷ್ಟು ಹತ್ತಿರವೆಂದರೆ, ಪುದೀನಾ ಪೆಪ್ಪರಮೆಂಟಿನ ವಾಸನೆ ಅವಳ ಕೆನ್ನೆಗೆ ತಾಕಿತು.

"ನನ್ನ ಬಲಗಿವಿ ನೋಡಿ. ಅದನ್ನೇ ನೋಡ್ತಾ ಇರಿ."

ನೋಡಿದಳು. ನೋಡುವುದಕ್ಕೆ ಬೇರೇನೂ ಇರಲಿಲ್ಲ. ಕಿವಿ ಸುರುಟಿಕೊಂಡು, ಗಂಟುಗಂಟಾಗಿ, ಹೂಕೋಸಿನ ತುಣುಕಿನಂತಿತ್ತು. ಅದರ ಹಿಂದೆ ಕೂದಲು ಸುಳಿ ಸುತ್ತಿತ್ತು. ಅಂಥ ವಿಕಾರವಾದ ಕಿವಿಯನ್ನು ಇಷ್ಟು ಹೊತ್ತು ನೋಡಿದರೂ ಬೇಸರವಾಗುವುದಿಲ್ಲವಲ್ಲ ಎಂದು ಅವಳಿಗೆ ಸೋಜಿಗವಾಯಿತು. ಉಸಿರು ಬಿಟ್ಟರೆ ಕೇಳಿಸೀತೆಂದು ಹಿಡಿದುಕೊಂಡಳು.

"ಉಸಿರಾಡಬಹುದು" ಎಂದ ಅವನು ಮೆಲ್ಲಗೆ.

"ಈ ಕಿವಿ ಯಾರ ಕೃಪೆ?"

"ಸ್ಕ್ರಮ್ಮಿನಲ್ಲಿ ತಲೆಗೆ ತಲೆ ಕೊಟ್ಟು ತಳ್ಳಿದ್ದರದು. ನಿಮ್ಮ ಕ್ಲಬ್ಬಿಗೇ ಆಡಿದ್ದು, ಇಪ್ಪತ್ತೆರಡನೇ ವಯಸ್ಸಿನವರೆಗೆ. ಆಮೇಲೆ ಮಂಡಿ ಕೈಕೊಡ್ತು."

"ಮಂಡಿ ಹೋದರೂ ಮೈದಾನ ಬಿಡ್ಲಿಲ್ಲ."

"ನೀವು ಬಿಡ್ತಿದ್ರಾ?"

ದೀಪ ಹತ್ತಿತು. ಇಬ್ಬರೂ ಕಣ್ಣು ಮಿಟುಕಿಸಿದರು, ಬೆಳಕಿಗೆ ಮಾತ್ರವಲ್ಲ.

"ಹತ್ತಿರದ್ದು ಓದೋಕೆ ಕನ್ನಡಕ ಬೇಕು. ದೂರಕ್ಕೆ ನಿಮ್ಮದು ಹದ್ದಿನ ಕಣ್ಣು."

"ಹಾಗಾದ್ರೆ ಶನಿವಾರ ನಾನು ಕೂಗಿದ್ದೆಲ್ಲ ಸರಿ!"

"ಕಣ್ಣು ಸರಿ ಇದೆ ಅಂದೆ. ಕಾನೂನು ಗೊತ್ತಿದೆ ಅಂದೆನಾ?"

ಆಮೇಲೆ ಒಂದೊಂದೇ ಫ್ರೇಮನ್ನು ಎರಡೂ ಕೈಯಿಂದ ಅವಳ ಮುಖಕ್ಕೆ ಏರಿಸಿ, ಹಿಂದೆ ಸರಿದು ನೋಡಿದ. ಅಂಗಡಿಯವನು ನೋಡಬೇಕಾದ್ದಕ್ಕಿಂತ ಒಂದು ಗುಟುಕು ಹೆಚ್ಚೇ ಇತ್ತು ಆ ನೋಟ. ಆರನೇ ಫ್ರೇಮಿಗೆ "ಇದು" ಎಂದ. ಅವಳು ಕನ್ನಡಿ ನೋಡದೆಯೇ "ಸರಿ" ಎಂದಳು.

*

ಫೆಬ್ರುವರಿ. ಏಳನೇ ಪಂದ್ಯ. ನಾಂಟ್‌ವೆನ್ ಹುಡುಗಿಯರು ಆವರೆಗೆ ಎರಡು ಗೆದ್ದಿದ್ದರು, ಅಂದು ಮೂರನೆಯದು ಕೈಯಲ್ಲಿತ್ತು. ಮಾಬ್ಲಿ ಎದುರಾಳಿಯ ಹುಡುಗಿಯನ್ನು ತಡೆಯಲು ಹೋಗಿ ತೋಳು ಕುತ್ತಿಗೆಗೆ ಹಾಕಿದಳು. ಎಮ್ಲಿನ್ ಸೀಟಿ ಊದಿ ಹಳದಿ ಕಾರ್ಡ್ ಎತ್ತಿದ. ಹಳದಿ ಎಂದರೆ ಏಳು ನಿಮಿಷ ಅಂಚಿನ ಕುರ್ಚಿಯಲ್ಲಿ ಕೂರಬೇಕು. ಆ ಏಳು ನಿಮಿಷದಲ್ಲಿ ಎದುರಾಳಿಗಳು ಗೆರೆಯಾಚೆ ಚೆಂಡು ಊರಿ ಎರಡು ಟ್ರೈ ಹೊಡೆದರು, ಪಂದ್ಯ ಹೋಯಿತು.

ಕಾರ್ಡ್ ಕಂಡಾಗಲೇ ನೆರಿಸ್‌ಗೆ ಮೈಮೇಲೆ ಬಂದಂತಾಗಿತ್ತು. ಎಲ್ಲಿ ಮಾಬ್ಲಿ ಕುರ್ಚಿ ಒದ್ದು ಹೊರಟುಹೋಗುತ್ತಾಳೋ, ಮೂರು ವರ್ಷದ ಕೆಲಸ ಒಂದು ಕಾರ್ಡಿಗೆ ಮಣ್ಣಾಗುತ್ತದೋ ಎಂಬ ಭಯ. ಭಯಕ್ಕೆ ಬಾಯಿ ದೊಡ್ಡದು.

"ಕಲ್ಲುಗುಂಡಿಗೆ ನಿಮ್ಮದು! ಸೀಟಿ ಊದೋದು ಬಿಟ್ರೆ ಮಕ್ಕಳ ಕಷ್ಟ ಏನು ಗೊತ್ತು ನಿಮಗೆ?"

ಎಮ್ಲಿನ್ ತಿರುಗಿ ನೋಡಲಿಲ್ಲ. ಕಿವಿಯ ತುದಿ ಮಾತ್ರ ಕೆಂಪಾಯಿತು. ಆಟ ಮುಗಿದ ಮೇಲೆ ಒಂದು ಕಪ್ ಚಹಾ ನಿಂತೇ ಕುಡಿದು ಹೊರಟುಹೋದ.

ಸೋಮವಾರ ಲೀಗಿನ ಕಾರ್ಯದರ್ಶಿಯ ಫೋನ್ ಬಂತು. "ಎಮ್ಲಿನ್ ಇನ್ನು ಮುಂದೆ ನಿಮ್ಮ ತಂಡದ ಪಂದ್ಯಗಳಿಗೆ ಬರೋದಿಲ್ಲ ಅಂತ ಬರೆದುಕೊಟ್ಟಿದ್ದಾರೆ. ಎಂಟು, ಒಂಬತ್ತಕ್ಕೆ ಹೇಗೋ ಬೇರೆಯವರನ್ನ ಹೊಂದಿಸ್ತೀನಿ. ಹತ್ತನೇದಕ್ಕೆ ಸದ್ಯಕ್ಕೆ ಯಾರೂ ಇಲ್ಲ."

"ಕಾರಣ ಏನಂತೆ?"

"ಅದು ಹೇಳೋ ಹಾಗಿಲ್ಲಮ್ಮ. ಮುಚ್ಚಿದ ಲಕೋಟೆ."

ರೆಫರಿ ಒಂದು ತಂಡವನ್ನು ಬಿಡುವುದು ಎರಡೇ ಕಾರಣಕ್ಕೆ. ತನ್ನವರು ಯಾರಾದರೂ ಆ ತಂಡದಲ್ಲಿದ್ದರೆ ಒಂದು. ಆ ತಂಡದವರು ತನಗೆ ಅವಮಾನ ಮಾಡಿದರೆ ಇನ್ನೊಂದು. ಎಮ್ಲಿನ್‌ಗೆ ಮಗಳಿಲ್ಲ, ತಂಗಿಯಿಲ್ಲ, ಅಕ್ಕನ ಮಗಳಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನೆರಿಸ್‌ಗೆ ತನ್ನ ಬಾಯಿಯೇ ನೆನಪಾಯಿತು. ತಪ್ಪು ತನ್ನದೆಂದು ಗೊತ್ತಾದಾಗ ಕೆಲವರು ಅಳುತ್ತಾರೆ. ನೆರಿಸ್ ಜಗಳಕ್ಕೆ ಹೋಗುವ ಜಾತಿ.

ಅಂಗಡಿಯಲ್ಲಿ ಇಬ್ಬರು ಮುದುಕಿಯರು ಸರದಿಗಾಗಿ ಕೂತಿದ್ದರು. ಎಮ್ಲಿನ್ ಮೆತ್ತನೆ ಬಟ್ಟೆಯಿಂದ ಗಾಜು ಒರೆಸುತ್ತಿದ್ದ.

"ನನ್ನ ಮೇಲೆ ಸಿಟ್ಟಿದ್ರೆ ನನ್ನ ಮೇಲೇ ತೀರಿಸ್ಕೊಳ್ಳಿ! ಮಕ್ಕಳ ಆಟ ಯಾಕೆ ನಿಲ್ಲಿಸ್ತೀರಿ? ಹತ್ತನೇ ಪಂದ್ಯ ಆಗದಿದ್ರೆ ಆ ಹುಡುಗಿಯರಿಗೆ ಮುಂದಿನ ವರ್ಷ ತಂಡವೇ ಇಲ್ಲ. ಮತ್ತೆ ಬೇಲಿ ಹೊರಗೆ ನಿಂತ್ಕೋಬೇಕಾ ಅವರು?"

"ಕೋಚ್, ಅದು ಹಾಗಲ್ಲ. ಅದು—"

"ಅದು ಏನು?"

ಅವನು ಮುದುಕಿಯರ ಕಡೆ ನೋಡಿದ. ಇಬ್ಬರೂ ಮೈಯೆಲ್ಲ ಕಿವಿಯಾಗಿ ಕೂತಿದ್ದರು. ಅವನ ಕೈಯಲ್ಲಿದ್ದ ಬಟ್ಟೆ ಗಾಜನ್ನು ಸುತ್ತುತ್ತಲೇ ಇತ್ತು.

"ಹತ್ತನೇ ಪಂದ್ಯಕ್ಕೆ ರೆಫರಿ ಇರ್ತಾರೆ. ಅದು ನನ್ನ ಜವಾಬ್ದಾರಿ" ಎಂದಷ್ಟೇ ಹೇಳಿದ.

"ನಿಮ್ಮ ಉಪಕಾರ ಯಾರಿಗೆ ಬೇಕು!"

ಬಾಗಿಲು ಎಳೆದುಕೊಳ್ಳುವಾಗ ಒಬ್ಬಳು ಮುದುಕಿ ಕೇಳುವುದು ಅವಳಿಗೆ ಕೇಳಿಸಿತು: "ಎಮ್ಲಿನ್, ಆ ಹುಡುಗಿಗೆ ಹತ್ತಿರದ್ದು ಕಾಣೋದಿಲ್ಲ, ಅಲ್ವೇನಪ್ಪ?"

ಮಂಗಳವಾರ ಅಭ್ಯಾಸಕ್ಕೆ ಮಾಬ್ಲಿ ಎಲ್ಲರಿಗಿಂತ ಮೊದಲು ಬಂದಳು. ಕುರ್ಚಿ ಒದೆಯಲಿಲ್ಲ. ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ, ನೆರಿಸ್ ಕಡೆ ನೋಡದೆ ಹೇಳಿದಳು, "ನೀವು ಸರ್‌ಗೆ ಹಾಗೆ ಕೂಗಬಾರ್ದಿತ್ತು."

"ನಿನಗೋಸ್ಕರ ಕೂಗಿದ್ದು ಕಣೇ!"

"ಗೊತ್ತು. ಆದ್ರೆ ಕಾರ್ಡು ಸರಿಯಾಗೇ ಇತ್ತು. ಆ ಹುಡುಗಿ ಕುತ್ತಿಗೆ ಮುರೀತಿತ್ತು." ಇನ್ನೊಂದು ತುಂಡು ಎತ್ತಿಕೊಂಡು ಬೆಣ್ಣೆ ಹಚ್ಚಿದಳು. "ನಾನು ತಪ್ಪು ಮಾಡಿದ್ರೆ ಎಲ್ಲರೂ ಎರಡರಲ್ಲೊಂದು ಮಾಡ್ತಾರೆ. ಹೆದರಿ ಸುಮ್ಮನಾಗ್ತಾರೆ, ಇಲ್ಲ ಓಡಿಸ್ತಾರೆ. ಸರ್ ಏಳು ನಿಮಿಷ ಕೂರಿಸಿದ್ರು. ಏಳು ನಿಮಿಷ ಆದ ತಕ್ಷಣ 'ಬಾ ಮಾಬ್ಲಿ, ಒಳಗೆ ಬಾ' ಅಂತ ಕರೆದ್ರು. ನನ್ನನ್ನ ಹೊರಗೆ ಹಾಕಿದವರು ಯಾರೂ ಇವತ್ತಿನವರೆಗೆ ಒಳಗೆ ಕರೆದಿರಲಿಲ್ಲ."

ನೆರಿಸ್ ಬೀನ್ಸಿನ ಪಾತ್ರೆಗೆ ಮುಖ ತಿರುಗಿಸಿಕೊಂಡು ನಿಂತಳು. ಹಬೆ ಕಣ್ಣಿಗೆ ಹೋಯಿತೆಂದು ಹೇಳಿದಳು.

*

ಏಪ್ರಿಲಿನ ಕೊನೆಯ ಶನಿವಾರ ಹತ್ತನೇ ಪಂದ್ಯ. ಎದುರಾಳಿಗಳು ಮೇಲಿನ ಕಣಿವೆಯವರು. ಅವರ ಕೋಚ್ ಡಿಲಿಸ್, ಶಾಲೆಯ ಅಡುಗೆಮನೆ ನಡೆಸುವ ದಪ್ಪ ಧ್ವನಿಯ ಹೆಂಗಸು. ಮುನ್ನೂರು ಮಕ್ಕಳನ್ನು ಒಂದೇ ಕೂಗಿಗೆ ಕೂರಿಸುವವಳು.

ರೆಫರಿ ಬಂದಿದ್ದರು. ಮೆರ್ವಿನ್, ಅರವತ್ತೆಂಟರ ಮುದುಕ, ಸೀಟಿಯನ್ನು ಗೂಟಕ್ಕೆ ನೇತುಹಾಕಿ ಐದು ವರ್ಷವಾಗಿತ್ತು, ಹೆಸರು ಮಾತ್ರ ಇನ್ನೂ ಪಟ್ಟಿಯಲ್ಲಿತ್ತು. ಅವರನ್ನು ಒಪ್ಪಿಸಿ, ಕಾರಿನಲ್ಲಿ ಕೂರಿಸಿಕೊಂಡು ಬಂದವನು ಎಮ್ಲಿನ್. ಅವನು ಕಾರಿಗೆ ಒರಗಿ, ಮೈದಾನಕ್ಕೆ ಬರದೆ, ದೂರವೇ ನಿಂತ. ನೆರಿಸ್ ನೋಡಿದಳು. ಕ್ಷಮೆ ಕೇಳಬೇಕಾದ ಮಾತು ಎರಡು ತಿಂಗಳಿಂದ ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಕಾಲು ಮುಂದೆ ಬರಲಿಲ್ಲ.

ಮೆರ್ವಿನ್ ಮೈ ಬಿಸಿ ಮಾಡಿಕೊಳ್ಳಲು ನಾಲ್ಕು ಹೆಜ್ಜೆ ಓಡಿದರು. ಐದನೆಯದಕ್ಕೆ "ಅಯ್ಯೋ!" ಎಂದು ಮೀನಖಂಡ ಹಿಡಿದು ಕೂತುಬಿಟ್ಟರು.

ಹುಡುಗಿಯರೆಲ್ಲ ಸುತ್ತ ಸೇರಿದರು. ಮುದುಕರಿಗೆ ಎದ್ದು ನಿಲ್ಲಲೂ ಆಗಲಿಲ್ಲ. ಬೇರೆ ರೆಫರಿ ಅರವತ್ತು ಮೈಲಿ ಸುತ್ತಿನಲ್ಲಿ ಬಿಡುವಾಗಿರಲಿಲ್ಲ. ಮಾಬ್ಲಿಯ ಮುಖ ಬಿಳಿಚಿತು. "ಹಾಗಾದ್ರೆ ಮುಂದಿನ ವರ್ಷ ನಾವಿಲ್ವಾ?" ಎಂದಳು, ಯಾರನ್ನೂ ನೋಡದೆ.

ಅಷ್ಟರಲ್ಲಿ ಎಮ್ಲಿನ್ ಕಾರಿನ ಕಡೆಯಿಂದ ಓಡಿ ಬಂದಿದ್ದ. ಮೆರ್ವಿನ್‌ರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದ. ಡಿಲಿಸ್ ಸೊಂಟದ ಮೇಲೆ ಕೈಯಿಟ್ಟು ಅವನ ಮುಂದೆ ನಿಂತಳು.

"ನೀನೂ ಪಟ್ಟಿಯಲ್ಲಿರೋ ರೆಫರಿಯೇ ಅಲ್ವಾ? ನೀನೇ ಊದಯ್ಯಾ."

"ನಾನು ಈ ತಂಡಕ್ಕೆ ಬರೋ ಹಾಗಿಲ್ಲ, ಡಿಲಿಸ್ ಅಕ್ಕ. ಸಂಬಂಧ ಇದೆ ಅಂತ ಬರೆದುಕೊಟ್ಟಿದ್ದೀನಿ."

ನೆರಿಸ್ ಕೈಯಲ್ಲಿದ್ದ ಬಾಟಲಿ ಅಲ್ಲೇ ನಿಂತಿತು. ಸಂಬಂಧ? ಅವಮಾನವಲ್ಲ?

"ಎದುರು ತಂಡ ಒಪ್ಪಿದ್ರೆ ಊದಬಹುದು, ಆ ನಿಯಮ ನನಗೂ ಗೊತ್ತು" ಎಂದಳು ಡಿಲಿಸ್. "ಆದ್ರೆ ಸಂಬಂಧ ಏನು ಅಂತ ತಿಳಿದೇ ಒಪ್ಪಬೇಕು. ಹೇಳು. ಮಗಳಿದ್ದಾಳಾ ಈ ತಂಡದಲ್ಲಿ?"

"ಇಲ್ಲ."

"ತಂಗಿ? ಅಕ್ಕನ ಮಗಳು?"

"ಇಲ್ಲ."

"ಮತ್ತೇನು, ಗುಂಪಾಗಿ ಕನ್ನಡಕ ಮಾರಿದೀಯಾ?"

ಹುಡುಗಿಯರು ಕಿಸಕ್ಕೆಂದರು. ಎಮ್ಲಿನ್ ಮೆರ್ವಿನ್‌ರ ಕಾಲನ್ನು ಮೆಲ್ಲಗೆ ಹುಲ್ಲಿನ ಮೇಲಿಟ್ಟು ಎದ್ದು ನಿಂತ. ಎರಡು ತಂಡಗಳು, ಅವರ ಅಮ್ಮಂದಿರು, ನೋವಿನಲ್ಲೂ ತಲೆಯೆತ್ತಿದ ಮುದುಕ. ತಪ್ಪಿಸಿಕೊಳ್ಳಲು ದಾರಿಯಿತ್ತು, ಕಾರು ದೂರವೇನಿರಲಿಲ್ಲ. ಅವನು ಒಮ್ಮೆ ಮಾಬ್ಲಿಯ ಬಿಳಿಚಿದ ಮುಖ ನೋಡಿದ. ಆಮೇಲೆ, ತೀರ್ಪು ಹೇಳುವಾಗ ನಿಲ್ಲುವ ಹಾಗೆ, ಬೆನ್ನು ನೇರ ಮಾಡಿ ನಿಂತ.

"ತಂಡದ ಕೋಚ್, ನೆರಿಸ್ ಪ್ಯೂ. ನಾನು ಅವರನ್ನ ಪ್ರೀತಿಸ್ತೀನಿ. ಅವರಿಗೆ ಗೊತ್ತಿಲ್ಲ. ಗೊತ್ತಿರಲಿಲ್ಲ. ಸಂಬಂಧ ಅಷ್ಟೇ, ಒಂದು ಕಡೆಯದು. ಲಕೋಟೆಯಲ್ಲಿ ಅದನ್ನೇ ಬರೆದಿದ್ದೀನಿ."

ಯಾವಳೋ ಹುಡುಗಿ "ಅಯ್ಯಮ್ಮಾ!" ಎಂದಳು. ನೆರಿಸ್‌ಗೆ ಆ ಕನ್ನಡಕದಂಗಡಿ ನೆನಪಾಯಿತು. ಸಿಟ್ಟಿನಿಂದ ತಂಡ ಬಿಟ್ಟನೆಂದು ತಾನು ಅಲ್ಲಿ ಕೂಗಾಡಿದಾಗ, ಗಾಜು ಒರೆಸುತ್ತಾ ನಿಂತಿದ್ದನಲ್ಲ, ಆ ಕೈಗಳಲ್ಲಿ ಇದಿತ್ತು.

ಡಿಲಿಸ್ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ನೆರಿಸ್‌ಳನ್ನು ನೋಡಿದಳು. ಆಮೇಲೆ ತನ್ನ ಹುಡುಗಿಯರ ಕಡೆ ತಿರುಗಿದಳು.

"ಕೇಳಿ ಮಕ್ಕಳೇ. ಇಷ್ಟು ನ್ಯಾಯವಂತ ಮೂರ್ಖನನ್ನ ನಾನು ಈ ಕಣಿವೆಯಲ್ಲಿ ನೋಡಿಲ್ಲ. ಪಕ್ಷಪಾತ ಅನ್ನಿಸಿಕೊಳ್ಳಬಾರ್ದು ಅಂತ ಇವನು ಅವರಿಗೇ ಎರಡರಷ್ಟು ಸೀಟಿ ಊದ್ತಾನೆ. ಲಾಭ ನಮ್ಮದೇ. ನಾನು ಒಪ್ಪಿದೆ! ಬೂಟು ಕಟ್ಟಿಕೊಳ್ಳಿ!"

ಮೆರ್ವಿನ್‌ರ ಸೀಟಿ ಎಮ್ಲಿನ್ ಕೈಗೆ ಬಂತು. ಆಟ ಶುರುವಾಯಿತು.

ಒಂದು ಗಂಟೆ ಅವನು ಅವಳ ಕಡೆ ನೋಡಲಿಲ್ಲ, ಅವಳು ಅವನನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಅವನ ಓಟದಲ್ಲಿ ಆ ಹಳೆಯ ಮಂಡಿಯ ಸಣ್ಣ ಕುಂಟು ಇತ್ತು. ಬಿದ್ದ ಹುಡುಗಿಗೆ ಕೈಕೊಟ್ಟು ಎಬ್ಬಿಸುವಾಗ ಯಾವ ತಂಡದವಳೆಂದು ನೋಡುತ್ತಿರಲಿಲ್ಲ. ಕೊನೆಯ ನಿಮಿಷಕ್ಕೆ ಮೇಲಿನ ಕಣಿವೆ ಎರಡು ಅಂಕ ಮುಂದಿತ್ತು. ಆಗ ನಾಂಟ್‌ವೆನ್ ಹುಡುಗಿಯರ ಕೈಗೆ ಚೆಂಡು ಸಿಕ್ಕಿತು. ಒಬ್ಬಳಿಂದ ಒಬ್ಬಳಿಗೆ, ಒಬ್ಬಳಿಂದ ಒಬ್ಬಳಿಗೆ, ಕಡೆಗೆ ಮಾಬ್ಲಿಯ ಕೈಗೆ. ಮಾಬ್ಲಿ ಮೂವರನ್ನು ದಾಟಿ ಗೆರೆಯಾಚೆ ಚೆಂಡಿನ ಮೇಲೆ ಬಿದ್ದಳು. ಅಮ್ಮಂದಿರು ಕಿರುಚಿದರು.

ಸೀಟಿ ಕೇಳಿಸಿತು. ಎಮ್ಲಿನ್ ಕೈ ಟ್ರೈ ಎಂದು ಮೇಲೇರಲಿಲ್ಲ. ಕೊನೆಯ ಪಾಸ್ ಮುಂದಕ್ಕೆ ಹೋಗಿತ್ತು. ರಗ್ಬಿಯಲ್ಲಿ ಕೈಯಿಂದ ಚೆಂಡನ್ನು ಮುಂದಕ್ಕೆ ಕೊಡುವಂತಿಲ್ಲ. ಟ್ರೈ ಇಲ್ಲ. ಆಟ ಮುಗಿಯಿತು.

ನೆರಿಸ್ ಸೋಲನ್ನು ಮರೆತು ಮಾಬ್ಲಿಯನ್ನೇ ನೋಡಿದಳು. ಮಾಬ್ಲಿ ಕೆಸರಿನಿಂದ ಎದ್ದಳು. ಮುಷ್ಟಿ ಬಿಗಿದಿತ್ತು. ಅವನ ಎದುರಿಗೆ ನಡೆದು ಹೋಗಿ ನಿಂತಳು, ಮುಖಕ್ಕೆ ಮುಖ ಕೊಟ್ಟು. ಮುಷ್ಟಿ ಬಿಚ್ಚಿತು. ಕೈ ಮುಂದೆ ಚಾಚಿದಳು.

"ಸರಿ, ಸರ್" ಎಂದಳು. "ಥ್ಯಾಂಕ್ಯೂ, ಸರ್."

ಆಮೇಲೆ ತಿರುಗಿ ತನ್ನ ಹುಡುಗಿಯರಿಗೆ ಗದರಿದಳು, "ಏನ್ ನೋಡ್ತಿದೀರಾ? ಎರಡು ಸಾಲು ನಿಲ್ಲಿ! ಅವರಿಗೆ ಚಪ್ಪಾಳೆ ಹೊಡೀಬೇಕಲ್ವಾ!" ಗೆದ್ದವರು ಕೆಸರು ಮೆತ್ತಿದ ಆ ಎರಡು ಅಂಕುಡೊಂಕು ಸಾಲುಗಳ ನಡುವೆ ಚಪ್ಪಾಳೆಯಲ್ಲಿ ನಡೆದು ಹೋದರು. ನೆರಿಸ್ ಈ ಸಲ ಹಬೆಯ ನೆಪ ಹೇಳಲಿಲ್ಲ. ಎಲ್ಲರೆದುರೇ ಅತ್ತಳು.

*

ಎಲ್ಲರೂ ಊಟಕ್ಕೆ ಒಳಗೆ ಹೋದ ಮೇಲೆ ಅವಳು ಮೂಲೆಯ ಬಾವುಟಗಳನ್ನು ಕೀಳಲು ಹೋದಳು. ಎರಡು ಕಿತ್ತು ತಿರುಗುವಾಗ, ಉಳಿದೆರಡನ್ನು ಹಿಡಿದು ಅವನು ಬರುತ್ತಿದ್ದ. ಬೆಟ್ಟದ ಮೇಲೆ ಬಿಸಿಲು ಇನ್ನೂ ಇತ್ತು.

"ಆ ಪಾಸ್..." ಎಂದು ಅವನೇ ಶುರು ಮಾಡಿದ.

"ಮುಂದಕ್ಕೆ ಹೋಗಿತ್ತು. ನಾನೂ ನೋಡಿದೆ. ಅದನ್ನ ಬಿಡಿ." ಅವಳು ಬಾವುಟದ ಬಟ್ಟೆಯನ್ನು ಸುತ್ತಿದಳು, ಬಿಚ್ಚಿದಳು. "ಆ ಮಾತನ್ನ ಮೊದಲು ನನಗೆ ಹೇಳಬಹುದಿತ್ತಲ್ಲ? ಊರಿಗೆಲ್ಲ ಹೇಳಿದ ಮೇಲೆ ನಾನು ಕೇಳಿಸ್ಕೊಳ್ಳಬೇಕಾಯ್ತು."

"ಹೇಗೆ ಹೇಳ್ಲಿ? ನೀವು ಬೇಡ ಅಂದಿದ್ರೆ? ಆಮೇಲೆ ನಾನು ನಿಮ್ಮ ಹುಡುಗಿಯರಿಗೆ ಕೊಟ್ಟ ಪ್ರತಿ ಪೆನಾಲ್ಟಿಯೂ ಸೇಡಿನ ಹಾಗೆ ಕಾಣ್ತಿತ್ತು. ಹೂಂ ಅಂದಿದ್ರೆ, ಕೊಡದ ಪೆನಾಲ್ಟಿಯೆಲ್ಲ ಲಂಚದ ಹಾಗೆ. ಮೊದಲು ತಂಡ ಬಿಟ್ಟು, ಆಮೇಲೆ ನಿಮ್ಮ ಮನೆ ಬಾಗಿಲಿಗೆ ಬರೋಣ ಅಂತಿದ್ದೆ. ಅಷ್ಟರಲ್ಲಿ ನೀವೇ ಅಂಗಡಿಗೆ ಬಂದು..."

"ಬೈದೆ."

"ಚೆನ್ನಾಗೇ ಬೈದ್ರಿ."

"ಅದಕ್ಕೂ ಮೊದಲು ಮೈದಾನದಲ್ಲಿ ಕಲ್ಲುಗುಂಡಿಗೆ ಅಂದೆ." ಅವಳ ಧ್ವನಿ ಸಣ್ಣದಾಯಿತು. "ತಪ್ಪಾಯ್ತು. ಎರಡು ತಿಂಗಳಿಂದ ಹೇಳ್ಬೇಕು ಅಂತಿದ್ದೆ. ಮಕ್ಕಳ ಕಷ್ಟ ನಿಮಗೆ ಗೊತ್ತಿರೋ ಹಾಗೆ ಈ ಊರಲ್ಲಿ ಯಾರಿಗೂ ಗೊತ್ತಿಲ್ಲ."

ಅವನು ಖಾಲಿ ಮೈದಾನ ನೋಡಿದ. ಹುಲ್ಲೆಲ್ಲ ಎದ್ದು, ಕಾಲಿನ ಗುರುತುಗಳಿಂದ ತುಂಬಿತ್ತು.

"ಮುಂದಿನ ವರ್ಷ ನಿಮಗೆ ಜಾಗ ಸಿಕ್ತು" ಎಂದ. "ಇನ್ನು ನಿಮ್ಮ ಪಂದ್ಯಕ್ಕೆ ನಾನು ಎಂದೂ ಬರೋ ಹಾಗಿಲ್ಲ, ನೀವು ಏನೇ ಹೇಳಿದ್ರೂ. ಇವತ್ತಿಂದು ಡಿಲಿಸ್ ಅಕ್ಕನ ಕೃಪೆ."

"ಬೇಜಾರಾ?"

"ಹದಿನಾಲ್ಕು ವರ್ಷ, ನೆರಿಸ್. ಯಾವ ಪಂದ್ಯದಲ್ಲೂ ನಾನು ಯಾವ ಕಡೆಯವನೂ ಅಲ್ಲ. ಇವತ್ತು ಆ ಟ್ರೈ ಇಲ್ಲ ಅನ್ನೋವಾಗ ಮೊದಲ ಸಲ ಎದೆ ಹಿಂಡಿತು. ನಿಮ್ಮ ಕಡೆ ನಿಂತು ಕೂಗ್ಬೇಕು ಅನ್ನಿಸ್ತು. ನನ್ನ ಮೇಲೆ ನಾನೇ."

ನೆರಿಸ್ ನಕ್ಕಳು. ನಗುತ್ತಲೇ ಅವನ ಕೈಯಿಂದ ಬಾವುಟಗಳನ್ನು ತೆಗೆದು ಹುಲ್ಲಿನ ಮೇಲೆ ಹಾಕಿದಳು, ತನ್ನವನ್ನೂ ಹಾಕಿದಳು.

"ಹಾಗಾದ್ರೆ ಬಾ, ನಮ್ಮ ಕಡೆಗೆ. ಮಂಗಳವಾರ ಬೀನ್ಸು ಬಿಸಿ ಮಾಡೋಕೆ ಬಾ. ಶನಿವಾರ ನನ್ನ ಪಕ್ಕ ನಿಂತ್ಕೊಂಡು ಬೇರೆಯವರ ಸೀಟಿಗೆ ಹಲ್ಲು ಕಚ್ಚು. ನಿನ್ನದು ಒಂದು ಕಡೆಯ ಸಂಬಂಧ ಅಂದೆಯಲ್ಲ, ಅದು ತಪ್ಪು ತೀರ್ಪು. ನವೆಂಬರಿನಿಂದಲೇ ತಪ್ಪು."

ಅವಳು ಕೆಸರು ಮೆತ್ತಿದ ಕಾಲರ್ ಹಿಡಿದು ಅವನನ್ನು ಬಗ್ಗಿಸಿಕೊಂಡು ಮುತ್ತಿಟ್ಟಳು. ಕ್ಲಬ್ಬಿನ ಕಿಟಕಿಗಳ ಹಿಂದೆ ಎರಡೂ ತಂಡಗಳ ಹುಡುಗಿಯರು ಮೇಜು ಗುದ್ದುವ ಸದ್ದು ಬೆಟ್ಟಕ್ಕೆ ಬಡಿದು ವಾಪಸ್ ಬಂತು.

"ಕೋಚ್! ಬಿಸಿ ಚಿಪ್ಸ್ ಆರ್ತಿದೆ!" ಮಾಬ್ಲಿ ಕಿಟಕಿಯಿಂದ ಅರ್ಧ ಹೊರಗೆ ಬಿದ್ದಿದ್ದಳು.

ಒಳಗೆ ಬಿಸಿ ಸಾಸೇಜಿನ ವಾಸನೆ, ಒದ್ದೆ ಬಟ್ಟೆಯ ವಾಸನೆ. ರೆಫರಿಗೆಂದು ಎರಡು ಉದ್ದನೆ ಮೇಜುಗಳ ನಡುವೆ ಒಂಟಿ ಕುರ್ಚಿ ಹಾಕಿಟ್ಟಿದ್ದರು, ಅದು ಅಲ್ಲಿನ ವಾಡಿಕೆ. ಎಮ್ಲಿನ್ ತಟ್ಟೆ ಹಿಡಿದು ಅಭ್ಯಾಸಬಲದಿಂದ ಅದರ ಕಡೆಗೇ ನಡೆದ. ಮಾಬ್ಲಿ ಪಕ್ಕದವಳನ್ನು ಮೊಣಕೈಯಿಂದ ತಿವಿದಳು. ಅವಳು ತನ್ನ ಪಕ್ಕದವಳನ್ನು ತಿವಿದಳು. ನಾಂಟ್‌ವೆನ್ ಬೆಂಚಿನ ಉದ್ದಕ್ಕೂ ಹುಡುಗಿಯರು ಒಬ್ಬರನ್ನೊಬ್ಬರು ಒತ್ತಿಕೊಂಡು, ತಟ್ಟೆ ಎಳೆದುಕೊಂಡು, ಸರಿದರು, ಸರಿದರು, ಇಬ್ಬರಿಗೆ ಜಾಗವಾಗುವವರೆಗೆ.